ಆಟಗಾರ ಮಕ್ಕಳಿಗೆ ವಿಟಮಿನ್ ಮಾತ್ರೆ: ಮೊದಲು ರಕ್ತ ಪರೀಕ್ಷೆ

ಸೋದರಿಯರೇ, ಮಗ ಜಿಲ್ಲಾ ಮಟ್ಟದ ಓಟಕ್ಕೋ ಮಗಳು ಕಬಡ್ಡಿಗೋ ಆಯ್ಕೆಯಾದರೆ ಮನೆಮಂದಿಗೆಲ್ಲ ಎಷ್ಟು ಹಿಗ್ಗು! ಅದರ ಹಿಂದೆಯೇ ಯಾರಾದರೊಬ್ಬರು ಸಲಹೆ ಕೊಡ್ತಾರೆ: "ದಿನಾ ವಿಟಮಿನ್ ಸಿ, ವಿಟಮಿನ್ ಇ ಮಾತ್ರೆ ಕೊಡಿ, ಸುಸ್ತೇ ಆಗೋಲ್ಲ." ಕೊಳ್ಳುವ ಮುನ್ನ ಸ್ವಲ್ಪ ತಾಳಿ.

ಹೆಚ್ಚಿಟ್ಟ ಸೇಬು ಗಾಳಿ ತಾಗಿ ಕಪ್ಪಾಗುತ್ತದೆ, ನಿಂಬೆರಸ ಸವರಿದರೆ ಬೇಗ ಕಪ್ಪಾಗದು. ಆಮ್ಲಜನಕದ ಇಂಥ ಕೆಲಸವನ್ನು ತಡೆಯುವ ವಸ್ತುಗಳಿಗೇ ಆಂಟಿಆಕ್ಸಿಡೆಂಟ್ ಅನ್ನೋದು. ಓಡಿ ದಣಿದಾಗ ಮೈಯೊಳಗೂ ಆಮ್ಲಜನಕದ ಚುರುಕು ಕಣಗಳು ಹೆಚ್ಚುತ್ತವೆ. ಹಾಗಾದರೆ ಮಾತ್ರೆ ಒಳ್ಳೆಯದೇ ಅಲ್ಲವೇ ಅಂತೀರಾ? ಆದರೆ ಸ್ನಾಯುಗಳಿಗೆ "ಇನ್ನಷ್ಟು ಗಟ್ಟಿಯಾಗು" ಎಂದು ಸುದ್ದಿ ಮುಟ್ಟಿಸುವುದೂ ಆ ಕಣಗಳೇ. ಅವನ್ನು ಪೂರಾ ಅಡಗಿಸಿದರೆ ಅಭ್ಯಾಸದ ಫಲವೇ ಕಡಿಮೆಯಾದೀತು.

2009ರಲ್ಲಿ ಪ್ರಕಟವಾದ ಜರ್ಮನಿಯ ಒಂದು ಸಂಶೋಧನೆ ನೋಡಿ. ಯುವಕರಿಗೆ 4 ವಾರ ವ್ಯಾಯಾಮ ಮಾಡಿಸಿದರು. ಕೆಲವರಿಗೆ ದಿನಕ್ಕೆ 1000 ಮಿಲಿಗ್ರಾಂ ವಿಟಮಿನ್ ಸಿ, ಜೊತೆಗೆ ವಿಟಮಿನ್ ಇ ಕೊಟ್ಟರು. ವ್ಯಾಯಾಮದಿಂದ ಇನ್ಸುಲಿನ್ ಚೆನ್ನಾಗಿ ಕೆಲಸ ಮಾಡುವ ಲಾಭ ಮಾತ್ರೆ ನುಂಗದವರಿಗೆ ಸಿಕ್ಕಿತು, ನುಂಗಿದವರಿಗೆ ಸಿಗಲಿಲ್ಲ! ಇನ್ನು 2016ರ ಗ್ರೀಸ್ ಸಂಶೋಧಕರ ವರದಿಯಲ್ಲಿ, ರಕ್ತದಲ್ಲಿ ವಿಟಮಿನ್ ಸಿ ತೀರ ಕಡಿಮೆ ಇದ್ದವರು ವ್ಯಾಯಾಮದಲ್ಲೂ ಹಿಂದಿದ್ದರು. 30 ದಿನ ಮಾತ್ರೆ ಕೊಟ್ಟಾಗ ಅವರ ಮೈಯೊಳಗಿನ ಹಾನಿಯ ಗುರುತುಗಳು ಇಳಿದವು.

ಅಂದರೆ ಕೊರತೆ ಇದ್ದವರಿಗೆ ಅದು ಮದ್ದು, ಇಲ್ಲದವರಿಗೆ ಬರೀ ಹೊರೆ. ಕೊರತೆ ಇದೆಯೋ ಇಲ್ಲವೋ ಮುಖ ನೋಡಿ ಹೇಳಲಾಗದು. ವೈದ್ಯರನ್ನು ಕಂಡು ಪರೀಕ್ಷೆ ಮಾಡಿಸಬೇಕು. ಆಗ ಇವು ನೆನಪಿರಲಿ:

1. ಬೇಕಾದ ವಿಟಮಿನ್ನನ್ನೇ ಹೆಸರಿಸಿ ಅಳೆಸಿ. 100 ಮಿಲಿಲೀಟರ್ ರಕ್ತದ್ರವದಲ್ಲಿ ವಿಟಮಿನ್ ಸಿ 0.2 ಮಿಲಿಗ್ರಾಂಗಿಂತ ಕೆಳಗಿದ್ದರೆ ಅದು ಕೊರತೆಯೇ.

2. "ಒಟ್ಟು ಆಂಟಿಆಕ್ಸಿಡೆಂಟ್ ಶಕ್ತಿ" ಎಂಬ ಒಂದೇ ಅಂಕಿ ನಂಬಿ ಕೂರಬೇಡಿ. ಜೋರಾಗಿ ಓಡಿದ ಮೇಲೆ ರಕ್ತದಲ್ಲಿ ಯೂರಿಕ್ ಆಮ್ಲ ಏರಿ ಆ ಅಂಕಿಯೂ ಸುಮ್ಮನೆ ಏರುತ್ತದೆ.

3. ಪರೀಕ್ಷೆಯ ಹಿಂದಿನ ದಿನ ಕಠಿಣ ಅಭ್ಯಾಸ ಬೇಡ. ಈಗಾಗಲೇ ಮಾತ್ರೆ ನುಂಗುತ್ತಿದ್ದರೆ ಮುಚ್ಚಿಡದೆ ಹೇಳಿ.

4. ವಿಟಮಿನ್ ಸಿ ಬಿಸಿ, ಬೆಳಕಿಗೆ ಬೇಗ ನಾಶವಾಗುತ್ತದೆ. ರಕ್ತದ ಮಾದರಿಯನ್ನು ತಕ್ಷಣ ತಂಪಿನಲ್ಲಿಡುತ್ತಾರೆಯೇ ಎಂದು ವಿಚಾರಿಸಿ.

5. ಹೆಣ್ಣುಮಕ್ಕಳು ಬೇಗ ಸುಸ್ತಾಗುತ್ತಿದ್ದರೆ ಹಿಮೋಗ್ಲೋಬಿನ್, ಫೆರಿಟಿನ್ ಕೂಡ ನೋಡಿಸಿ. ಸುಸ್ತಿಗೆ ಕಬ್ಬಿಣದ ಕೊರತೆ ಕಾರಣವಾಗಿದ್ದರೆ ಬೇರೆ ಮಾತ್ರೆಗೆ ಹಣ ಸುರಿದು ಏನು ಬಂತು?

ಕೊರತೆ ಕಂಡರೆ ವೈದ್ಯರು ಹೇಳಿದಷ್ಟೇ, ಹೇಳಿದಷ್ಟು ದಿನ ಮಾತ್ರ ಕೊಡಿ. ಆಮೇಲೆ ಮತ್ತೊಮ್ಮೆ ಪರೀಕ್ಷಿಸಿ ನಿಲ್ಲಿಸುವುದೋ ಮುಂದುವರಿಸುವುದೋ ಕೇಳಿ.

ಕೊರತೆ ಇಲ್ಲವೆಂದರೆ ಅಡುಗೆಮನೆಯೇ ಸಾಕು. ವಯಸ್ಕ ಹೆಂಗಸಿಗೆ ದಿನಕ್ಕೆ ಬೇಕಾದ ವಿಟಮಿನ್ ಸಿ 65 ಮಿಲಿಗ್ರಾಂ, ಗಂಡಸಿಗೆ 80. ನೂರು ಗ್ರಾಂ ಸೀಬೆ ಅಥವಾ ಪೇರಲೆ ಹಣ್ಣಿನಲ್ಲಿ 200 ಮಿಲಿಗ್ರಾಂಗೂ ಹೆಚ್ಚಿದೆ. ನೆಲ್ಲಿಕಾಯಿ, ನಿಂಬೆಹಣ್ಣು, ನುಗ್ಗೆಸೊಪ್ಪು ನಮ್ಮೂರ ಸಂತೆಯಲ್ಲೇ ಸಿಗುತ್ತವಲ್ಲ!