ಹೆಸರುಗಳು ಹೇಳುವ ಸೆರೆಂಗೆಟಿ: ಸಫಾರಿ ನಾಡಿನಲ್ಲಿ ಮನುಷ್ಯರ ಜಾಗ

ಈ ಗೋಷ್ಠಿಯಲ್ಲಿ ನಾವು ಗಡಿಯಾಚೆಯ ಕನ್ನಡದ ಬಗ್ಗೆ ಮಾತಾಡ್ತಾ ಬಂದಿದ್ದೇವೆ. ಇವತ್ತು ನಾನು ಬಹಳ ದೂರದ ಒಂದು ಗಡಿಯನ್ನು ತಗೊಂಡಿದ್ದೇನೆ. ಅದು ಪೂರ್ವ ಆಫ್ರಿಕಾದ ಕೀನ್ಯಾ ಮತ್ತು ಟಾಂಜಾನಿಯಾ ನಡುವಿನ ಗಡಿ. ಅದರ ಒಂದು ಬದಿಗೆ ಸೆರೆಂಗೆಟಿ, ಇನ್ನೊಂದು ಬದಿಗೆ ಮಾಸಾಯಿ ಮಾರಾ. ಟಿವಿಯಲ್ಲಿ ಇವುಗಳನ್ನು ತೋರಿಸುವಾಗ 'ಮನುಷ್ಯನ ಕೈ ಸೋಕದ ಕಾಡು' ಎಂಬ ಮಾತು ಬಂದೇ ಬರುತ್ತದೆ. ಅಲ್ಲಿನ ಹೆಸರುಗಳೇ ಈ ಮಾತನ್ನು ಒಪ್ಪುವುದಿಲ್ಲ ಅನ್ನೋದು ನನ್ನ ವಾದ.

ಮೊದಲು 'ಸಫಾರಿ'ಯನ್ನೇ ನೋಡೋಣ. ಇದು ಸ್ವಾಹಿಲಿ ಪದ, ಅರಬ್ಬಿಯ 'ಸಫರ್' ಮೂಲದಿಂದ ಬಂದದ್ದು. ದಖನಿ ಕೇಳಿ ಬೆಳೆದ ಅಕ್ಕಲಕೋಟೆ, ಆದೋನಿ ಕಡೆಯವರಿಗೆ 'ಸಫರ್' ಹೊಸ ಮಾತಲ್ಲ. ಸ್ವಾಹಿಲಿಯಲ್ಲಿ ಇಂದಿಗೂ ಸಫಾರಿ ಅಂದರೆ ಬರೀ ಪ್ರಯಾಣ. ಬಸ್ಸು ಹತ್ತಿ ಊರಿಗೆ ಹೋದರೂ ಅದು ಸಫಾರಿಯೇ. ಬೇಟೆಗೆ ಹೋದ ಯುರೋಪು, ಅಮೆರಿಕದವರ ಬಾಯಲ್ಲಿ ಅದರ ಅರ್ಥ ಕಿರಿದಾಯಿತು. 1909ರಲ್ಲಿ ಅಮೆರಿಕದ ಮಾಜಿ ಅಧ್ಯಕ್ಷ ಥಿಯೊಡೋರ್ ರೂಸ್‌ವೆಲ್ಟ್ ಮಗನ ಜೊತೆ ಬಂದು 500ಕ್ಕೂ ಹೆಚ್ಚು ಪ್ರಾಣಿಗಳನ್ನು ಹೊಡೆದರು. ಆಗ ಸಫಾರಿ ಅಂದರೆ ಬಂದೂಕು. 1977ರಲ್ಲಿ ಕೀನ್ಯಾ ಬೇಟೆಯನ್ನು ನಿಷೇಧಿಸಿತು. ಬಂದೂಕಿನ ಜಾಗಕ್ಕೆ ಕ್ಯಾಮರಾ ಬಂತು. ಟಾಂಜಾನಿಯಾದ ಕೆಲವು ಮೀಸಲು ಪ್ರದೇಶಗಳಲ್ಲಿ ಪರವಾನಗಿ ಪಡೆದ ಬೇಟೆ ಈಗಲೂ ನಡೀತಿದೆ. ಇನ್ನೊಂದು ಪದ ಹೇಳಿಬಿಡ್ತೀನಿ. ಸಫಾರಿಗೆ ಹೋಗುವ ವಾಹನಕ್ಕೆ ಸ್ವಾಹಿಲಿಯಲ್ಲಿ 'ಗಾರಿ' ಅಂತಾರೆ. ಅದು ಹಿಂದಿಯಿಂದ ಹೋದ ನಮ್ಮ 'ಗಾಡಿ'ಯೇ. ಆದರೆ 'ಸಿಂಬಾ'ಕ್ಕೂ 'ಸಿಂಹ'ಕ್ಕೂ ನಂಟಿಲ್ಲ. ಸಿಂಬಾ ಬಾಂಟು ಮೂಲದ್ದು, ಹೋಲಿಕೆ ಆಕಸ್ಮಿಕ.

ಇನ್ನು ಸ್ಥಳನಾಮಗಳಿಗೆ ಬರೋಣ. ದನ ಮೇಯಿಸುವ ಮಾಸಾಯಿ ಜನರ ಭಾಷೆ 'ಮಾ'. 'ಸೆರೆಂಗೆಟಿ' ಆ ಭಾಷೆಯ 'ಸಿರಿಂಗೆಟ್', ಅಂದರೆ ಕೊನೆಯೇ ಇಲ್ಲದ ಬಯಲು. 'ಮಾರಾ' ಅಂದರೆ ಚುಕ್ಕೆಚುಕ್ಕೆಯಾದದ್ದು. ದೂರದಿಂದ ನೋಡಿದರೆ ಹುಲ್ಲುಗಾವಲಿನ ಮೇಲೆ ಮರಗಳು ಹಾಗೇ ಕಾಣುತ್ತವೆ. 'ಓಲ್ಡುವಾಯ್' ಕಮರಿಗೆ ಹೆಸರು ಬಂದದ್ದು ಅಲ್ಲಿ ಬೆಳೆಯುವ ಕಾಡು ಕತ್ತಾಳೆಯಿಂದ. ಆ ಕಮರಿಗೆ ಹತ್ತಿರದ ಲೇಟೊಲಿಯಲ್ಲಿ ಸುಮಾರು 36 ಲಕ್ಷ ವರ್ಷ ಹಿಂದಿನ, ಎರಡು ಕಾಲಲ್ಲಿ ನಡೆದ ಮಾನವ ಪೂರ್ವಜರ ಹೆಜ್ಜೆಗುರುತುಗಳು ಸಿಕ್ಕಿವೆ. ಕೈ ಸೋಕದ ಕಾಡು ಅಂತ ಕರೆಯೋದು ಇಂಥ ಜಾಗವನ್ನು! ಮರ, ಗಿಡ, ಬಯಲನ್ನು ನೋಡಿ ಹೆಸರಿಟ್ಟವರು ಅಲ್ಲೇ ಬದುಕಿದವರು.

ಹಾಗಾದರೆ ಆ ನೆಲ ಬರಿದು ಅಂತ ಯಾಕೆ ಅನ್ನಿಸಿತು? 1890ರ ಸುಮಾರಿಗೆ ರಿಂಡರ್‌ಪೆಸ್ಟ್ ಎಂಬ ದನಗಳ ದೊಡ್ಡರೋಗ ಪೂರ್ವ ಆಫ್ರಿಕಾಕ್ಕೆ ಬಂತು. ಬಹುಪಾಲು ದನ ಸತ್ತವು, ಕಾಡಿನ ಗೊರಸಿನ ಪ್ರಾಣಿಗಳೂ ಸತ್ತವು. ಹಿಂದೆಯೇ ಬರ, ಸಿಡುಬು. ದನವೇ ಬದುಕಾಗಿದ್ದ ಜನ ಹಸಿವಿನಿಂದ ಸತ್ತರು, ಉಳಿದವರು ಚದುರಿದರು. ಆ ಮೇಲೆ ಬಂದ ಬಿಳಿಯರು ನೋಡಿದ್ದು ಈ ಬರಿದಾದ ಬಯಲನ್ನು. ದನಗಳಿಗೆ ಲಸಿಕೆ ಹಾಕಿ ರೋಗ ತಡೆದ ಮೇಲೆ ವೈಲ್ಡೆಬೀಸ್ಟ್ ಸಂಖ್ಯೆ 1960ರ ದಶಕದ ಆರಂಭದ ಸುಮಾರು 2.5 ಲಕ್ಷದಿಂದ 1977ರ ಹೊತ್ತಿಗೆ 13 ಲಕ್ಷದಷ್ಟಾಯಿತು. ಇಂದು ಜಗತ್ತು ನೋಡಲು ಹೋಗುವ ಮಹಾವಲಸೆಯ ಹಿಂದೆ ದನಗಾಹಿಯ ಹಟ್ಟಿಗೆ ಹೋದ ಲಸಿಕೆಯೂ ಇದೆ.

1951ರಲ್ಲಿ ಸೆರೆಂಗೆಟಿ ರಾಷ್ಟ್ರೀಯ ಉದ್ಯಾನವಾಯಿತು. 1958ರಲ್ಲಿ ಮಾಸಾಯಿ ಹಿರಿಯರಿಂದ ಸೆರೆಂಗೆಟಿ ಬಿಟ್ಟುಹೋಗುವ ಒಪ್ಪಂದಕ್ಕೆ ಸಹಿ ಪಡೆದರು. ಬದಲಿಗೆ, 1959ರಲ್ಲಿ ಬೇರೆ ಮಾಡಿದ ನೊರೊಂಗೊರೊ ಸಂರಕ್ಷಿತ ಪ್ರದೇಶದಲ್ಲಿ ವಾಸಕ್ಕೆ ಅವಕಾಶ ಕೊಟ್ಟರು. ಪ್ರವಾಸಿಗೆ ಎಲ್ಲವೂ 'ಪಾರ್ಕ್' ಆಗಿಯೇ ಕಂಡರೂ ಕಾನೂನಿನಲ್ಲಿ ವ್ಯತ್ಯಾಸ ಇದೆ. ಸುಮಾರು 14,763 ಚದರ ಕಿ.ಮೀ. ಇರುವ ಸೆರೆಂಗೆಟಿಯಲ್ಲಿ ಜನವಸತಿ ಇಲ್ಲ. ನೊರೊಂಗೊರೊದಲ್ಲಿ ಜನ, ದನ, ಕಾಡುಪ್ರಾಣಿ ಮೂರೂ ಇರಬಹುದು. ಮಾಸಾಯಿ ಮಾರಾ ಸ್ಥಳೀಯ ಆಡಳಿತದ ಕೈಯಲ್ಲಿರುವ ಮೀಸಲು ಪ್ರದೇಶ. ಅದರ ಸುತ್ತ ಮಾಸಾಯಿ ಕುಟುಂಬಗಳು ತಮ್ಮ ಜಮೀನನ್ನು ಪ್ರವಾಸೋದ್ಯಮಕ್ಕೆ ಗುತ್ತಿಗೆ ಕೊಟ್ಟು ಬಾಡಿಗೆ ಪಡೆಯುವ ವ್ಯವಸ್ಥೆ ಬೆಳೆದಿದೆ.

ನೊರೊಂಗೊರೊದ ಆ ಮಾತು ಈಗ ಅಲ್ಲಾಡ್ತಿದೆ. 1970ರ ದಶಕದಲ್ಲೇ ಜ್ವಾಲಾಮುಖಿ ಕುಳಿಯ ಒಳಗಿನ ವಾಸ ಹೋಯಿತು, ಬೇಸಾಯಕ್ಕೂ ನಿಷೇಧ ಬಂತು. 2022ರಿಂದ ಸರ್ಕಾರ ಅಲ್ಲಿನ ಕುಟುಂಬಗಳನ್ನು ನೂರಾರು ಕಿ.ಮೀ. ದೂರದ ಮ್ಸೊಮೆರಾಕ್ಕೆ ಕಳಿಸುತ್ತಿದೆ. ಜನ, ದನ ಹೆಚ್ಚಾದವು, ಹುಲ್ಲು ಸಾಲದು, ಹೋಗುವವರು ಇಷ್ಟಪಟ್ಟೇ ಹೋಗುತ್ತಿದ್ದಾರೆ ಎಂಬುದು ಸರ್ಕಾರದ ಮಾತು. ಶಾಲೆ, ಆಸ್ಪತ್ರೆಯ ಸೌಲಭ್ಯ ಕಡಿಮೆ ಮಾಡಿ ಎಬ್ಬಿಸುತ್ತಿದ್ದಾರೆ ಎಂಬುದು ಅನೇಕ ನಿವಾಸಿಗಳ ದೂರು. ಜನ ಹೆಚ್ಚಾದರು ಅನ್ನೋದು ಸುಳ್ಳಲ್ಲ. ವಲಸೆಯ ದಾರಿಗೆ ಬೇಲಿ ಬಿದ್ದರೆ ಪ್ರಾಣಿಗಳು ಉಳಿಯಲ್ಲ ಅನ್ನೋದೂ ನಿಜ. ಆದರೆ ಮೊದಲೇ ಒಂದು ಸಲ ನೆಲ ಬಿಟ್ಟುಕೊಟ್ಟವರನ್ನೇ ಮತ್ತೆ ಏಳಿ ಅನ್ನುವಾಗ, 'ಇದು ಮೊದಲಿಂದ ಬರೀ ಕಾಡು' ಎಂಬ ಕತೆ ಆ ಕೆಲಸವನ್ನು ಸಲೀಸು ಮಾಡುತ್ತದೆ. ತೊಂದರೆ ಇರೋದು ಅಲ್ಲಿ.

ಕೊನೆಯದಾಗಿ ಗಡಿಯ ಮಾತು. 1886ರಲ್ಲಿ ಬ್ರಿಟನ್, ಜರ್ಮನಿ ಕೂತು ಎಳೆದ ಗೆರೆಯೇ ಇಂದಿನ ಈ ಗಡಿಗೆ ಮೂಲ. ಸೆರೆಂಗೆಟಿ, ಮಾರಾ ನಡುವೆ ಪ್ರವಾಸಿಗಳ ನೇರ ದಾರಿ 1977ರಲ್ಲಿ ಮುಚ್ಚಿತು. ಇವತ್ತಿಗೂ ಗಾಡಿ ಸುತ್ತಿ ಬರಬೇಕು. ವೈಲ್ಡೆಬೀಸ್ಟ್ ಮಾತ್ರ ಮಳೆ ನೋಡಿಕೊಂಡು ದಾಟುತ್ತವೆ: ವರ್ಷದ ಮೊದಲಲ್ಲಿ ದಕ್ಷಿಣದ ಬಯಲಲ್ಲಿ ಕರು ಹಾಕಿ, ಜುಲೈ ಹೊತ್ತಿಗೆ ಮಾರಾ ಕಡೆ. ಮಾ ಭಾಷೆ ಗೆರೆಯ ಎರಡೂ ಬದಿಗೆ ಉಳಿದಿದೆ. ಗಡಿ ಬಂದ ಮೇಲೂ ಊರು, ಹೊಲ, ಹಳ್ಳದ ಹೆಸರಲ್ಲಿ ಭಾಷೆ ಉಳಿಯೋದು ನಮಗೆ ಹೊಸದೇನಲ್ಲ. ಸೆರೆಂಗೆಟಿಯ ಚಿತ್ರ ನೋಡುವಾಗ ಆ ಹೆಸರು ಯಾರು ಇಟ್ಟದ್ದು, ಅವರು ಈಗೆಲ್ಲಿದ್ದಾರೆ ಅಂತ ಒಮ್ಮೆ ಕೇಳಿದರೆ ಸಾಕು. ಪ್ರಶ್ನೆಗಳಿದ್ದರೆ ಚರ್ಚಿಸೋಣ.