ತಂತಿಯ ಬೆಲೆಯೂ ಕಿವಿಯ ಸಾಕ್ಷ್ಯವೂ

ಮನೆಯಲ್ಲಿ ಕುಳಿತು ಒಳ್ಳೆಯ ಸಂಗೀತವನ್ನು ಕೇಳಬೇಕೆಂಬ ಆಸೆ ಯಾರಿಗಿಲ್ಲ? ಆ ಆಸೆಯಿಂದ ಹೈ-ಫೈ ಉಪಕರಣಗಳನ್ನು ಕೊಳ್ಳಲು ಹೊರಟವರಿಗೆ ಒಂದು ವಿಚಿತ್ರವು ಕಾಣಸಿಗುತ್ತದೆ. ಆಂಪ್ಲಿಫೈಯರಿನಿಂದ ಸ್ಪೀಕರಿಗೆ ಎಳೆಯುವ ತಂತಿಯು ಕೆಲವು ನೂರು ರೂಪಾಯಿಗಳಿಗೂ ದೊರೆಯುತ್ತದೆ, ಲಕ್ಷಗಟ್ಟಲೆ ರೂಪಾಯಿಗಳಿಗೂ ದೊರೆಯುತ್ತದೆ. ಬೆಲೆಬಾಳುವ ತಂತಿಯನ್ನು ಹಾಕಿದರೆ ತಂಬೂರಿಯ ನಾದ ಇನ್ನಷ್ಟು ತುಂಬಿ ಬರುವುದೆಂದೂ, ಗಾಯಕನಿಗೂ ನಮಗೂ ನಡುವೆ ಇದ್ದ ಪರದೆಯೊಂದು ಸರಿದಂತಾಗುವುದೆಂದೂ ಹೇಳುವವರುಂಟು. ಕೂಡಿಟ್ಟ ಹಣವನ್ನು ತಂತಿಗೆ ಸುರಿಯುವ ಮೊದಲು, ಈ ಮಾತಿನಲ್ಲಿ ಎಷ್ಟು ಹುರುಳಿದೆಯೆಂಬುದನ್ನು ವಿಚಾರಿಸೋಣ.

ಸಂಗೀತವು ತಂತಿಯೊಳಗೆ ಶಬ್ದವಾಗಿ ಹರಿಯುವುದಿಲ್ಲ. ಏರಿಳಿಯುವ ವಿದ್ಯುತ್ಪ್ರವಾಹವಾಗಿ ಹರಿಯುತ್ತದೆ. ಮನುಷ್ಯನ ಕಿವಿಗೆ ಕೇಳಿಸುವುದು ಸೆಕೆಂಡಿಗೆ ಸುಮಾರು 20ರಿಂದ 20,000ದವರೆಗಿನ ಕಂಪನಗಳು ಮಾತ್ರ. ಟೆಲಿವಿಷನ್ನಿನ ಸಾಧಾರಣ ತಂತಿಯೂ ಸೆಕೆಂಡಿಗೆ ಕೋಟಿಗಟ್ಟಲೆ ಕಂಪನಗಳನ್ನು ಸಾಗಿಸುತ್ತದೆ. ಅದಕ್ಕೆ ಹೋಲಿಸಿದರೆ ಸಂಗೀತವನ್ನು ಸಾಗಿಸುವುದು ಬಹಳ ಸುಲಭವಾದ ಕೆಲಸ. ಇಲ್ಲಿ ತಂತಿಯು ಮಾಡಬಹುದಾದ ಮುಖ್ಯ ಕೇಡೆಂದರೆ ಪ್ರವಾಹಕ್ಕೆ ಒಡ್ಡುವ ರೋಧ.

ಈ ಕೇಡು ತಂತಿಯ ಉದ್ದದೊಡನೆ ಬೆಳೆಯುತ್ತದೆ. 1858ರಲ್ಲಿ ಅಟ್ಲಾಂಟಿಕ್ ಸಾಗರದ ತಳದಲ್ಲಿ ಹಾಕಿದ ಮೊದಲನೆಯ ತಂತಿಯ ಮೂಲಕ ವಿಕ್ಟೋರಿಯಾ ರಾಣಿಯ 98 ಪದಗಳ ಸಂದೇಶವನ್ನು ಕಳುಹಿಸಲು ಸುಮಾರು 16 ಗಂಟೆಗಳು ಹಿಡಿದವು. ಅಂಥ ತಂತಿಗೆ ಶುದ್ಧವಾದ ತಾಮ್ರ ಬೇಕೆಂದು ವಿಲಿಯಂ ಥಾಮ್ಸನ್ ಎಂಬ ವಿಜ್ಞಾನಿಯು ಒತ್ತಿ ಹೇಳಿದನು. ಅವನ ಮಾತು ಸರಿಯಾಗಿತ್ತು. ಆದರೆ ಅದು ಸಾವಿರಾರು ಕಿಲೋಮೀಟರ್ ಉದ್ದದ ತಂತಿ. ನಮ್ಮ ನಡುಮನೆಯದು ಐದು ಮೀಟರ್.

ಲೆಕ್ಕ ಹಾಕಿಯೇ ನೋಡೋಣ. ಮನೆಯ ಪವರ್ ಪಾಯಿಂಟಿಗೆ ಎಲೆಕ್ಟ್ರಿಷಿಯನ್ನರು ಬಳಸುವ 2.5 ಚದರ ಮಿಲಿಮೀಟರಿನ ತಾಮ್ರದ ತಂತಿಯನ್ನೇ ತೆಗೆದುಕೊಂಡೆವೆಂದು ಇಟ್ಟುಕೊಳ್ಳೋಣ. ಐದು ಮೀಟರ್ ದೂರಕ್ಕೆ ಹೋಗುವ ಎಳೆ, ಹಿಂದಿರುಗುವ ಎಳೆ ಎರಡೂ ಸೇರಿ 10 ಮೀಟರ್. ಇದರ ರೋಧವು ಸುಮಾರು 0.07 ಓಮ್. ಸ್ಪೀಕರಿನದು ಸಾಮಾನ್ಯವಾಗಿ 8 ಓಮ್. ಎಂದರೆ ಶಕ್ತಿಯಲ್ಲಿ ನೂರಕ್ಕೆ ಒಂದು ಪಾಲೂ ತಂತಿಯಲ್ಲಿ ನಷ್ಟವಾಗುವುದಿಲ್ಲ. ಧ್ವನಿಯ ಮಟ್ಟವು ಒಂದು ಡೆಸಿಬೆಲಿನ ಹತ್ತನೆಯ ಒಂದು ಭಾಗದಷ್ಟೂ ತಗ್ಗುವುದಿಲ್ಲ. ಸಂಗೀತವನ್ನು ಕೇಳುವಾಗ ಇಷ್ಟು ಅಲ್ಪವಾದ ಅಂತರವು ಕಿವಿಗೆ ತಿಳಿಯದು.

ಹಾಗೆಂದು ಯಾವ ತಂತಿಯಾದರೂ ಆದೀತೆಂದು ನಾವು ಹೇಳುವುದಿಲ್ಲ. 0.25 ಚದರ ಮಿಲಿಮೀಟರಿನ ಸಣ್ಣ ಎಳೆಯನ್ನು ಹಾಕಿದರೆ ರೋಧವು ಹತ್ತು ಪಟ್ಟು ಹೆಚ್ಚುತ್ತದೆ. ಸ್ಪೀಕರಿನ ರೋಧವು ಮಂದ್ರದಿಂದ ತಾರಕ್ಕೆ ಹೋದಂತೆ ಬದಲಾಗುವುದರಿಂದ, ಆಗ ನಾದದ ಗುಣವೂ ಸ್ವಲ್ಪ ಕೆಡಬಹುದು. ತಂತಿಗೆ ತಕ್ಕಷ್ಟು ದಪ್ಪ ಬೇಕು, ತುದಿಗಳ ಜೋಡಣೆ ಬಿಗಿಯಾಗಿಯೂ ಸ್ವಚ್ಛವಾಗಿಯೂ ಇರಬೇಕು. ಇಷ್ಟಾದರೆ ಸಾಕು. ಬೆಳ್ಳಿಯು ತಾಮ್ರಕ್ಕಿಂತ ಉತ್ತಮ ವಾಹಕವೆಂಬುದು ನಿಜ. ಆದರೆ ಅದರ ಹೆಚ್ಚುಗಾರಿಕೆ ನೂರಕ್ಕೆ ಸುಮಾರು ಆರು ಮಾತ್ರ. ತಾಮ್ರವನ್ನೇ ಅಷ್ಟು ಪಾಲು ದಪ್ಪ ಮಾಡಿದರೆ ಅದೇ ಫಲ ದೊರೆಯುತ್ತದೆ.

ಹಾಗಾದರೆ ವ್ಯತ್ಯಾಸವನ್ನು ಕೇಳಿದೆವೆನ್ನುವವರು ಸುಳ್ಳು ಹೇಳುತ್ತಿರುವರೆ? ಖಂಡಿತವಾಗಿಯೂ ಇಲ್ಲ. ಕೇಳುವುದು ಕಿವಿಯೊಂದರ ಕೆಲಸವಲ್ಲ, ಮನಸ್ಸಿನ ಕೆಲಸವೂ ಹೌದು. ಹೊಸ ತಂತಿ ಹಾಕಿದ ದಿನ ನಾವು ಎಂದಿಗಿಂತ ಹೆಚ್ಚಿನ ಗಮನದಿಂದ ಕೇಳುತ್ತೇವೆ. ಹಿಂದೆ ಗಮನಿಸದಿದ್ದ ಗಮಕವೊಂದು ಆಗ ಕೇಳಿಬರುತ್ತದೆ. ಕೀರ್ತಿ ತಂತಿಗೆ ಸಲ್ಲುತ್ತದೆ. ಬೆಲೆಯ ಪ್ರಭಾವವೂ ಕಡಿಮೆಯದಲ್ಲ. 2008ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಹಿಲ್ಕೆ ಪ್ಲಾಸ್‌ಮನ್ ಮತ್ತು ಅವರ ಸಹೋದ್ಯೋಗಿಗಳು ಒಂದೇ ವೈನನ್ನು ಒಮ್ಮೆ 10 ಡಾಲರಿನದೆಂದೂ ಮತ್ತೊಮ್ಮೆ 90 ಡಾಲರಿನದೆಂದೂ ಹೇಳಿ ಜನರಿಗೆ ರುಚಿ ತೋರಿಸಿದರು. ಬೆಲೆ ಹೆಚ್ಚೆಂದಾಗ ರುಚಿಯೂ ಹೆಚ್ಚೆನಿಸಿತು. ಅಷ್ಟೇ ಅಲ್ಲ, ಸುಖಾನುಭವಕ್ಕೆ ಸಂಬಂಧಿಸಿದ ಮೆದುಳಿನ ಭಾಗದ ಚಟುವಟಿಕೆಯೂ ಹೆಚ್ಚಿತು. ಸವಿದವರ ಸುಖ ನಿಜವಾಗಿತ್ತು. ಅದರ ಕಾರಣ ಮಾತ್ರ ಬಾಟಲಿಯೊಳಗೆ ಇರಲಿಲ್ಲ.

2007ರಲ್ಲಿ ಅಮೆರಿಕದ ಜಾದೂಗಾರ ಜೇಮ್ಸ್ ರಾಂಡಿಯು ಇಂಥದೇ ಸಂದೇಹದಿಂದ ಒಂದು ಸವಾಲು ಹಾಕಿದನು. 12 ಅಡಿಯ ಜೊತೆಯೊಂದಕ್ಕೆ 7,250 ಡಾಲರ್ ಬೆಲೆಯಿದ್ದ ತಂತಿಯನ್ನು, ಕಣ್ಣಿನಿಂದ ನೋಡದೆ ಕೇವಲ ಕೇಳಿಯೇ ಸಾಮಾನ್ಯ ತಂತಿಯಿಂದ ಬೇರೆಯೆಂದು ಗುರುತಿಸಿದವರಿಗೆ ಹತ್ತು ಲಕ್ಷ ಡಾಲರ್ ಬಹುಮಾನ! ಆ ಪರೀಕ್ಷೆ ನಡೆಯಲೇ ಇಲ್ಲ. ನಡೆಯದ ಪರೀಕ್ಷೆಯಿಂದ ಏನೂ ಸಿದ್ಧವಾಗದಾದರೂ, ಪರೀಕ್ಷಿಸುವ ಮಾರ್ಗ ಯಾವುದೆಂಬುದನ್ನು ಅದು ತೋರಿಸಿಕೊಟ್ಟಿತು.

ಆ ಮಾರ್ಗ ನಮ್ಮ ವಾಚಕರಿಗೂ ತೆರೆದಿದೆ. ಕೊಳ್ಳುವ ಮೊದಲು ಆ ತಂತಿಯನ್ನು ಒಂದು ದಿನದ ಮಟ್ಟಿಗೆ ಎರವಲು ತನ್ನಿರಿ. ಮಿತ್ರರೊಬ್ಬರು ನಾಣ್ಯ ಚಿಮ್ಮಿ, ಬಿದ್ದ ಮುಖಕ್ಕೆ ಅನುಸಾರವಾಗಿ ಹಳೆಯ ತಂತಿಯನ್ನೋ ಹೊಸದನ್ನೋ ನಿಮಗೆ ಕಾಣದಂತೆ ಜೋಡಿಸಲಿ. ತಂತಿಗಳನ್ನೂ ಅವರ ಮುಖವನ್ನೂ ನೋಡದೆ, ಧ್ವನಿಯ ಮಟ್ಟವನ್ನು ಬದಲಿಸದೆ, 16 ಬಾರಿ ಕೇಳಿ ಬರೆದಿಡಿರಿ. ಬರಿಯ ಊಹೆಯಿಂದ 12 ಅಥವಾ ಅದಕ್ಕಿಂತ ಹೆಚ್ಚು ಬಾರಿ ಸರಿಯಾಗುವ ಸಂಭವವು ನೂರಕ್ಕೆ ನಾಲ್ಕಕ್ಕಿಂತಲೂ ಕಡಿಮೆ. ಅಷ್ಟು ಸರಿಯಾಗದಿದ್ದರೆ ತಂತಿಯನ್ನು ಹಿಂದಿರುಗಿಸಿರಿ.

ಉಳಿದ ಹಣವನ್ನು ಒಳ್ಳೆಯ ಸ್ಪೀಕರಿಗೂ, ಕೋಣೆಯ ಮಾರ್ದನಿಯನ್ನು ತಗ್ಗಿಸುವ ದಪ್ಪ ಪರದೆಗಳಿಗೂ ಜಮಖಾನಕ್ಕೂ ವಿನಿಯೋಗಿಸಬಹುದು. ಅವುಗಳಿಂದಾಗುವ ವ್ಯತ್ಯಾಸವನ್ನು ಯಾರ ಕಿವಿಯಾದರೂ ಗುರುತಿಸುತ್ತದೆ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡೆಂದು ನಮ್ಮ ಹಿರಿಯರು ಹೇಳಿದ ಗಾದೆಯು ಕಣ್ಣಿಗೆ ಹೇಗೋ ಕಿವಿಗೂ ಹಾಗೆಯೇ ಅನ್ವಯಿಸುತ್ತದೆ.