ಗಾಲಿಯ ಮೇಲಿನ ಮನೆಯಲ್ಲಿ ಕೆರೆಯೂರುಗಳ ಪ್ರವಾಸ

ಹಿಂದಿನವರು ಜಾತ್ರೆಗೆ ಹೊರಟರೆಂದರೆ ಅರ್ಧ ಮನೆಯೇ ಗಾಡಿ ಏರುತ್ತಿತ್ತು. ಕಮಾನು ಕಟ್ಟಿದ ಎತ್ತಿನ ಗಾಡಿಯೊಳಗೆ ಹುಲ್ಲು ಹಾಸಿ, ಅದರ ಮೇಲೆ ಜಮಖಾನ ಹರಡಿ, ಅಕ್ಕಿ ಬೇಳೆ ಪಾತ್ರೆಗಳೊಡನೆ ಮಕ್ಕಳನ್ನೂ ಮುದುಕರನ್ನೂ ಕೂರಿಸಿಕೊಂಡು ಹೊರಡುತ್ತಿದ್ದರು. ಕತ್ತಲಾದಲ್ಲಿ ಕೆರೆಯ ಬಳಿ ಬಿಡಾರ. ಮೂರು ಕಲ್ಲು ಹೂಡಿದರೆ ಅದೇ ಅಡುಗೆಮನೆ. ಇಂದು ‘ಕ್ಯಾರವಾನ್’ ಎಂಬ ಹೆಸರಿನಿಂದ ಬಂದಿರುವ ವಾಹನವು ಆ ಗಾಡಿಯ ಮೊಮ್ಮಗುವೇ ಸರಿ. ಮಲಗಲು ಹಾಸಿಗೆ, ಪುಟ್ಟ ಒಲೆ, ನೀರಿನ ತೊಟ್ಟಿ, ಸ್ನಾನ ಶೌಚಗಳ ವ್ಯವಸ್ಥೆ ಎಲ್ಲವೂ ಅದರೊಳಗೇ ಇರುತ್ತವೆ. ನೆರೆಯ ಕೇರಳ ಸರ್ಕಾರವು 2021ರಲ್ಲಿ ‘ಕೇರವಾನ್ ಕೇರಳ’ ಎಂಬ ಯೋಜನೆಯನ್ನೇ ಆರಂಭಿಸಿತು.

ನಮ್ಮ ತಾಯಿಯವರಿಗೆ ಈಗ 78 ವರ್ಷ. ಮಂಡಿನೋವಿನಿಂದಾಗಿ ಅರಕೆರೆಯ ಮನೆ ಬಿಟ್ಟು ಅವರು ಎಲ್ಲಿಗೂ ಹೊರಟಿರಲಿಲ್ಲ. ಕರೆದಾಗಲೆಲ್ಲ “ನೀವು ಹೋಗಿಬನ್ನಿ, ನನ್ನಿಂದ ನಿಮಗೆ ತೊಂದರೆ” ಎನ್ನುತ್ತಿದ್ದರು. ಆ ತೊಂದರೆ ಏನೆಂಬುದು ಮನೆಯ ಹೆಣ್ಣುಮಕ್ಕಳಿಗೆ ಗೊತ್ತಿತ್ತು. ದಾರಿಯಲ್ಲಿ ಶುಚಿಯಾದ ಶೌಚಾಲಯ ಸಿಗದು. ಸ್ನಾನ ಮಾಡಿ, ವಿಭೂತಿ ಧರಿಸಿ, ಇಷ್ಟಲಿಂಗಪೂಜೆ ಮುಗಿಸದ ಹೊರತು ಅವರು ಬಾಯಿಗೆ ಏನನ್ನೂ ಹಾಕುವವರಲ್ಲ. ಆದುದರಿಂದ ಮೂರು ದಿನಗಳ ಮಟ್ಟಿಗೆ ಇಂಥ ವಾಹನವೊಂದನ್ನು ಬಾಡಿಗೆಗೆ ತಂದೆವು. ಮೊದಲ ಬೆಳಗ್ಗೆ ಅದರೊಳಗೇ ಪೂಜೆ ಮುಗಿಸಿ, ತಾವೇ ಉಪ್ಪಿಟ್ಟು ಕೆದಕಿ ನಮಗೆ ಬಡಿಸಿದಾಗ ಅವರ ಮುಖದಲ್ಲಿದ್ದ ಗೆಲುವನ್ನು ನಾವು ಎಷ್ಟೋ ದಿನಗಳಿಂದ ಕಂಡಿರಲಿಲ್ಲ.

ಮೊದಲು ಶ್ರೀರಂಗಪಟ್ಟಣ. ಕೋಟೆಯೊಳಗಿನ ಓಣಿಗಳಿಗೆ ಎತ್ತರದ ವಾಹನ ಒಗ್ಗದು. ಅದನ್ನು ಹೊರಗೆ ನಿಲ್ಲಿಸಿ ಆಟೋದಲ್ಲಿ ಸುತ್ತಿದೆವು. 1784ರ ದರಿಯಾ ದೌಲತ್ ಅರಮನೆಯ ಪಡುಗೋಡೆಯ ಮೇಲೆ 1780ರ ಪೊಳ್ಳಿಲೂರು ಯುದ್ಧದ ಚಿತ್ರವಿದೆ. 1799ರ ಮೇ 4ರಂದು ಟಿಪ್ಪು ಮಡಿದು ಕೋಟೆ ಬಿದ್ದುದೂ ಈ ದ್ವೀಪದಲ್ಲಿಯೇ. ಕೋಟೆ ಬಿದ್ದರೂ ಕಾವೇರಿ ಅಂದಿನಂತೆಯೇ ಎರಡಾಗಿ ಹರಿದು ಸಂಗಮದಲ್ಲಿ ಕೂಡುತ್ತಾಳೆ.

ಸಂಜೆಗೆ ಪಾಂಡವಪುರ ದಾಟಿ ತೊಣ್ಣೂರು ಕೆರೆಯನ್ನು ಸೇರಿದೆವು. ಬೆಟ್ಟಗಳ ನಡುವೆ ಕಟ್ಟೆ ಹಾಕಿ ನಿಲ್ಲಿಸಿದ ಈ ತಿಳಿನೀರಿಗೆ ‘ಮೋತಿ ತಲಾಬ್’, ಎಂದರೆ ಮುತ್ತಿನ ಕೆರೆ ಎಂಬ ಹೆಸರೂ ಉಂಟು. ನೀರಿಗೆ ಸಮೀಪವೇ ವಾಹನ ನಿಲ್ಲಿಸುತ್ತಿದ್ದಾಗ ದನ ಹೊಡೆದುಕೊಂಡು ಹೋಗುತ್ತಿದ್ದ ಹಿರಿಯರೊಬ್ಬರು ನಿಂತು, ಸುತ್ತಲೂ ನೋಡಿ ಕೇಳಿದರು: “ಮನೆ ಚೆನ್ನಾಗದೆ ಸ್ವಾಮಿ. ಬಚ್ಚಲ ನೀರು ಎಲ್ಲಿಗೆ ಹೋಯ್ತದೆ?”

ನಮ್ಮಲ್ಲಿ ಯಾರಿಗೂ ಉತ್ತರ ಹೊಳೆಯಲಿಲ್ಲ. ಚಾಲಕರು ಬಗ್ಗಿ ನೋಡಿದರೆ ಬಳಸಿದ ನೀರಿನ ಕೊಳವೆಯ ಬಿರಡೆ ಸಡಿಲವಾಗಿತ್ತು. ಸೋಪಿನ ನೀರು ತೊಟ್ಟಿಕ್ಕುತ್ತಿತ್ತು. ತಾಯಿಯವರು “ಊರವರು ಕುಡಿಯುವ ನೀರಿಗೆ ನಮ್ಮ ಕೊಳೆ ಬಿಟ್ಟು ಯಾವ ಪೂಜೆ ಮಾಡಿದರೆ ಏನು ಬಂತು?” ಎಂದು ಅಲ್ಲಿ ಇಳಿಯಲು ಒಪ್ಪಲೇ ಇಲ್ಲ. ಬಿರಡೆ ಬಿಗಿಸಿ, ಆ ಹಿರಿಯರು ತೋರಿಸಿದಂತೆ ಕೆರೆಯಿಂದ ದೂರದ ಬಯಲಿನಲ್ಲಿ ರಾತ್ರಿ ಕಳೆದೆವು. ಬೆಳಗ್ಗೆ ಅವರ ಮನೆಯಿಂದ ಒಂದು ತಂಬಿಗೆ ಮಜ್ಜಿಗೆ ಬಂತು.

ಎರಡನೆಯ ದಿನ ಕೃಷ್ಣರಾಜಪೇಟೆಯ ಕಡೆ ಹೊರಟೆವು. ಹೊಸಹೊಳಲಿನ ಲಕ್ಷ್ಮೀನಾರಾಯಣ ಗುಡಿ 13ನೆಯ ಶತಮಾನದ್ದು. ಹೊರಗೋಡೆಯ ಸಾಲುಗಳಲ್ಲಿ ರಾಮಾಯಣ, ಭಾರತದ ಕಥೆಗಳು ಮೂಡಿವೆ. ಬೇಲೂರು, ಹಳೇಬೀಡು, ಸೋಮನಾಥಪುರಗಳು 2023ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿದವು. ಆದರೆ ಇಲ್ಲಿ ನೂಕುನುಗ್ಗಲಿಲ್ಲದೆ ನಿಧಾನವಾಗಿ ನೋಡಬಹುದು. ಮುಂದೆ, ಕವಿ ಕೆ. ಎಸ್. ನರಸಿಂಹಸ್ವಾಮಿಯವರು 1915ರಲ್ಲಿ ಹುಟ್ಟಿದ ಕಿಕ್ಕೇರಿ. ಇಲ್ಲಿಯ ಬ್ರಹ್ಮೇಶ್ವರ ಗುಡಿಯನ್ನು 1171ರಲ್ಲಿ ಬಮ್ಮವ್ವೆ ನಾಯಕಿತಿ ಎಂಬಾಕೆ ಕಟ್ಟಿಸಿದಳು ಎಂದಾಗ ತಾಯಿಯವರು “ಹೆಣ್ಣುಮಗಳೇ?” ಎಂದು ಕೇಳಿ, ಕಲ್ಲಿನ ಮೇಲೆ ಬಹಳ ಹೊತ್ತು ಕುಳಿತಿದ್ದರು. ಮೂರನೆಯ ದಿನ ನಾಗಮಂಗಲದ ಸೌಮ್ಯಕೇಶವ ಗುಡಿಯನ್ನೂ ಕಂಬದಹಳ್ಳಿಯ ಬಸದಿಯನ್ನೂ ನೋಡಿ ಊರಿಗೆ ಮರಳಿದೆವು.

ಹೀಗೆ ಹೊರಡಲು ಬಯಸುವ ಗೃಹಸ್ಥರಿಗೆ ನಾಲ್ಕು ಮಾತು ಹೇಳಬೇಕು. ಬಾಡಿಗೆಗೆ ಪಡೆಯುವಾಗಲೇ ಬಳಸಿದ ನೀರಿನ ತೊಟ್ಟಿ, ಶೌಚದ ತೊಟ್ಟಿ ಎಷ್ಟು ದಿನಕ್ಕೆ ತುಂಬುತ್ತವೆ, ಎಲ್ಲಿ ಖಾಲಿ ಮಾಡಬೇಕು ಎಂದು ಕೇಳಿಕೊಳ್ಳಿರಿ. ಚಲಿಸುವಾಗ ಅಡುಗೆ ಅನಿಲದ ಸಿಲಿಂಡರನ್ನು ಮುಚ್ಚಿರಿ. ಭಾರದ ವಾಹನವನ್ನು ಕೆರೆಯ ಮಣ್ಣಿನ ಏರಿಯ ಮೇಲೆ ಒಯ್ಯಬೇಡಿರಿ. ನಾಲೆಯ ಪಕ್ಕದ ದಾರಿಗಳಲ್ಲಿ, ಅದರಲ್ಲೂ ಕತ್ತಲಾದ ಮೇಲೆ, ಸಂಚರಿಸಬೇಡಿರಿ. 2018ರ ನವೆಂಬರ್ 24ರಂದು ಪಾಂಡವಪುರ ತಾಲ್ಲೂಕಿನ ಕನಗನಮರಡಿ ಬಳಿ ಬಸ್ಸೊಂದು ವಿಶ್ವೇಶ್ವರಯ್ಯ ನಾಲೆಗೆ ಉರುಳಿ 30 ಜನರು ಪ್ರಾಣ ಕಳೆದುಕೊಂಡುದನ್ನು ಈ ಸೀಮೆ ಮರೆತಿಲ್ಲ. ಅದು ನಡೆದದ್ದು ಹಾಡುಹಗಲಿನಲ್ಲಿ.

ಮನೆಗೆ ಗಾಲಿ ಬಂದ ಮಾತ್ರಕ್ಕೆ ಮನೆಯ ಹೊಣೆ ತಪ್ಪುವುದಿಲ್ಲ. ಅಂಗಳದ ಬಚ್ಚಲನ್ನು ನೆರೆಯವರ ಬಾಗಿಲಿಗೆ ಹರಿಸದವರು ಪರವೂರಿನ ಕೆರೆಗೂ ಹರಿಸಬಾರದು. ಇಷ್ಟು ಎಚ್ಚರವಿದ್ದರೆ, “ನೀವು ಹೋಗಿಬನ್ನಿ” ಎಂದು ಮನೆಯಲ್ಲೇ ಉಳಿಯುವ ಹಿರಿಯರನ್ನೂ ನಾವು ಜೊತೆಗೆ ಕರೆದೊಯ್ಯಬಹುದು. ಮೊನ್ನೆ ತಾಯಿಯವರು ತಾವಾಗಿಯೇ ಕೇಳಿದರು: “ಮುಂದಿನ ಸಲ ಯಾವ ಕಡೆಗೆ?”